ಬಚ್ಚಲ ಮೋರಿಯಲ್ಲಿ ಬೆಳೆದ ಕಲ್ಲು

ಪ್ಲಂಬರ್ ಹ್ಯಾಕ್ಸಾ ಬ್ಲೇಡನ್ನು ಪೈಪಿನ ಮೇಲಿಟ್ಟು ನಾಲ್ಕೈದು ಸಲ ಎಳೆಯುವಷ್ಟರಲ್ಲಿ ಸದ್ದು ಬದಲಾಯಿತು. ಪ್ಲಾಸ್ಟಿಕ್ ಕೊಯ್ಯುವಾಗಿನ ಮೆತ್ತನೆಯ ಸದ್ದು ಹೋಗಿ, ಕಲ್ಲಿಗೆ ಕಬ್ಬಿಣ ತಿಕ್ಕಿದಂಥ ಕರಕರ ಶಬ್ದ ಬಂತು. ಕೋಲಾರದ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲಿನಿಂದ ಹೊರಗೆ ಬರುವ ಎರಡಿಂಚಿನ ಪೈಪು ಅದು. ಮೂರು ತಿಂಗಳಿಂದ ಸ್ನಾನದ ನೀರು ಪಾದ ಮುಳುಗುವಷ್ಟು ನಿಲ್ಲುತ್ತಿತ್ತು. ಅವರು ಗೇಣುದ್ದದ ತುಂಡೊಂದನ್ನು ಬಿಡಿಸಿ ಬಿಸಿಲಿಗೆ ಹಿಡಿದರು. ಎರಡಿಂಚಿನ ಪೈಪಿನ ನಡುವೆ ನನ್ನ ಕಿರುಬೆರಳು ತೂರುವಷ್ಟು ಮಾತ್ರ ಕಂಡಿ ಉಳಿದಿತ್ತು. ಸುತ್ತಲೂ ಈರುಳ್ಳಿಯನ್ನು ಅಡ್ಡ ಕೊಯ್ದರೆ ಕಾಣುವಂಥ ಸುತ್ತುಗಳು: ಒಂದು ಬಿಳಿ, ಒಂದು ಮಾಸಲು ಹಳದಿ, ನಡುವೆ ಎಳೆ ಎಳೆಯಾಗಿ ಕೂದಲು, ಮತ್ತೆ ಬಿಳಿ. ಕೈಗೆ ತೆಗೆದುಕೊಂಡರೆ ಕಲ್ಲಿನಷ್ಟೇ ಭಾರ.

"ಅಕ್ಕ, ಇದು ಕಸ ಅಲ್ಲ. ಉಪ್ಪು ಕಟ್ಟಿರುವುದು. ಈ ಕಡೆಯ ಬೋರ್‌ವೆಲ್ ಮನೆಗಳಲ್ಲೆಲ್ಲ ಇದೇ ಪಾಡು" ಎಂದರು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅಮ್ಮ ಬಂದು ಆ ತುಂಡನ್ನು ತೆಗೆದುಕೊಂಡರು. ಉಗುರಿನಿಂದ ಕೆರೆದು ನೋಡಿದರು. ಏನೂ ಉದುರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಉಜ್ಜಿದ್ದು ಸಾಲದೆ ಆದದ್ದಲ್ಲ" ಎಂದರು.

ಆ ಮಾತು ಪ್ಲಂಬರಿಗೆ ಹೇಳಿದ್ದಲ್ಲ, ನನಗೆ ಹೇಳಿದ್ದೂ ಅಲ್ಲ. ಅಮ್ಮನಿಗೆ ಈಗ 71 ವರ್ಷ. ಆ ಬಚ್ಚಲಿನ ಬಿಳಿ ಕಲೆಗಳ ಜೊತೆ ಅವರು ಗುದ್ದಾಡುತ್ತಿರುವುದು ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ. ತೀರ್ಥಹಳ್ಳಿಗೆ ಕೊಟ್ಟ ನಮ್ಮ ಅತ್ತೆ ಹಬ್ಬಕ್ಕೆ ಬಂದಾಗಲೆಲ್ಲ ಬಚ್ಚಲಿಗೆ ಹೋಗಿ ಬಂದು, "ಅತ್ತಿಗೆ, ನಲ್ಲಿ ಎಲ್ಲಾ ಹೀಗೆ ಬೆಳ್ಳಗಾಗಿದೆಯಲ್ಲ, ಸ್ವಲ್ಪ ತಿಕ್ಕಬಾರದೇ?" ಎನ್ನುತ್ತಿದ್ದರು. ಅತ್ತೆ ಕೆಟ್ಟವರಲ್ಲ. ಅವರ ಊರಿನ ಬಾವಿಯ ನೀರಿನಲ್ಲಿ ಸೋಪು ಮುಟ್ಟಿದರೆ ನೊರೆ ಉಕ್ಕುತ್ತದೆ, ಹಿತ್ತಾಳೆಯ ಕೊಳಾಯಿ ಹತ್ತು ವರ್ಷವಾದರೂ ಹೊಳೆಯುತ್ತದೆ. ಅಲ್ಲಿ ಬಿಳಿ ಕಲೆ ಎಂದರೆ ಸೋಮಾರಿತನ. ನಮ್ಮಲ್ಲಿ ಬಿಳಿ ಕಲೆ ಎಂದರೆ ನೀರು. ಈ ವ್ಯತ್ಯಾಸವನ್ನು ಅಮ್ಮನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ವಿಜ್ಞಾನ ಓದಿದ ನಾನೂ ಹೇಳಲಿಲ್ಲ. ಅತ್ತೆ ಬರುವ ಹಿಂದಿನ ದಿನ ಅಮ್ಮ ಮೊಣಕಾಲೂರಿ ಕೂತು, ಕರಟದ ಚೂರು ಮತ್ತು ಇಟ್ಟಿಗೆ ಪುಡಿ ಹಿಡಿದು ಉಜ್ಜುವುದನ್ನು ನೋಡಿಕೊಂಡೇ ಬೆಳೆದೆ. ಮರುದಿನ ಅವರ ಬೆರಳ ಗೆಣ್ಣುಗಳು ಕೆಂಪಾಗಿರುತ್ತಿದ್ದವು.

ಆ ಕಲ್ಲು ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು.

ಕೋಲಾರ ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಕೆರೆಗಳನ್ನು ನಂಬಿ ಬದುಕಿದ ಸೀಮೆ. ಅಜ್ಜಿಯ ಕಾಲದಲ್ಲಿ ಊರಿನ ಬಾವಿಗಳಿಗೆ ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಗುಣ. ಇದು ಬಟ್ಟೆ ಒಗೆಯುವ ನೀರು, ಅದು ದನಕ್ಕೆ ಕುಡಿಸುವ ನೀರು, ಆಚೆಯದು ಬೇಳೆ ಬೇಯುವ ನೀರು. ಬೇಳೆ ಬೇಯುವ ನೀರಿಗಾಗಿ ಎರಡು ಹೊಲ ದಾಟಿ ಹೋಗಿ ಕೊಡ ಹೊತ್ತು ತರುತ್ತಿದ್ದರಂತೆ. "ಅವನ ಬೇಳೆ ಇಲ್ಲಿ ಬೇಯುವುದಿಲ್ಲ" ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಗಡಸು ನೀರಿನ, ಅಂದರೆ ಸುಣ್ಣದಂಥ ಖನಿಜ ಹೆಚ್ಚಿರುವ ನೀರಿನ ಊರಿನ ಹೆಂಗಸರಿಗೆ ಅದು ಬರೀ ಗಾದೆಯ ಮಾತಲ್ಲ, ಒಲೆಯ ಮುಂದಿನ ಅನುಭವ. ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿಗೆ ಸೇರಿಕೊಂಡು ಅದನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಎಷ್ಟು ಸೌದೆ ಉರಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಅದಕ್ಕೇ ನಮ್ಮ ಕಡೆ ತೊಗರಿಬೇಳೆಗೆ ಚಿಟಿಕೆ ಸೋಡಾ ಬೀಳುತ್ತಿತ್ತು.

ಅಪ್ಪ ಮನೆ ಕಟ್ಟಿಸಿದಾಗ ಹಿತ್ತಲಲ್ಲಿ ತೆರೆದ ಬಾವಿ ಇತ್ತು. ಅದು ಬತ್ತಿತು. ಬೋರ್‌ವೆಲ್ ಕೊರೆಸಿದರು, ನಾನೂರು ಅಡಿಗೆ ನೀರು. ಅದೂ ಬತ್ತಿತು. ಮುಂದಿನದು 1,150 ಅಡಿಗೆ ಹೋಯಿತು. ಆಳಕ್ಕೆ ಇಳಿದಂತೆಲ್ಲ ಸಿಗುವುದು ಹಳೆಯ ನೀರು. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು, ಕಲ್ಲನ್ನು ಕಣಕಣವಾಗಿ ಕರಗಿಸಿಕೊಂಡ ನೀರು. ನಮ್ಮ ಕೆಳಗಿರುವುದು ಗ್ರಾನೈಟಿನ ಬಳಗದ ಬಂಡೆ, ಸುಣ್ಣಕಲ್ಲಿನ ಬೆಟ್ಟವಲ್ಲ. ಆದರೂ ಆ ಬಂಡೆಯ ಖನಿಜಗಳು ಶಿಥಿಲವಾಗುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಬಿಟ್ಟುಕೊಡುತ್ತವೆ. ಮೇಲಿನ ಮಣ್ಣಿನಲ್ಲಿ ಸುಣ್ಣದ ಹರಳುಗಳೂ ಇರುತ್ತವೆ. ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಸಣ್ಣ ಹುಳಿ ಕೊಟ್ಟಿರುತ್ತದೆ. ಆ ಹುಳಿಯೇ ಕಲ್ಲನ್ನು ಕರಗಿಸಿ ಹೊತ್ತುಕೊಳ್ಳುವುದು.

ಹೋದ ವರ್ಷ ನೀರನ್ನು ಪರೀಕ್ಷೆಗೆ ಕೊಟ್ಟೆ. ಗಡಸುತನ ಲೀಟರಿಗೆ 540 ಮಿಲಿಗ್ರಾಂ ಎಂದು ಬಂತು. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಮಾನದಂಡದಲ್ಲಿ ಕುಡಿಯುವ ನೀರಿಗೆ 200 ಮಿಲಿಗ್ರಾಂ ಒಳ್ಳೆಯ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂದರೆ ನಮ್ಮದು "ಬೇರೆ ಗತಿಯಿಲ್ಲದವರ" ನೀರು. ಆ ಹಾಳೆಯನ್ನು ಹಿಡಿದು ಕೂತು ನಾನೊಂದು ಲೆಕ್ಕ ಹಾಕಿದೆ. ಮನೆಯಲ್ಲಿ ದಿನಕ್ಕೆ 500 ಲೀಟರ್ ಬಳಸಿದರೆ ಅದರಲ್ಲಿ 270 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಖನಿಜ. ವರ್ಷಕ್ಕೆ ಹತ್ತಿರ ಹತ್ತಿರ ನೂರು ಕಿಲೋ. ಸಿಮೆಂಟಿನ ಎರಡು ಮೂಟೆ. ಅಷ್ಟನ್ನು ನಾವು ಪ್ರತಿ ವರ್ಷ ಮೋಟರ್ ಹಾಕಿ ಪಾತಾಳದಿಂದ ಎತ್ತಿ, ಮನೆಯೊಳಗೆ ಹರಿಸಿ, ಮೋರಿಗೆ ಬಿಡುತ್ತಿದ್ದೇವೆ. ಬಹುಪಾಲು ಹರಿದು ಹೋಗುತ್ತದೆ, ನಿಜ. ಆದರೆ ಸಾವಿರದಲ್ಲಿ ಕೆಲವು ಪಾಲು ದಾರಿಯಲ್ಲಿ ಕೂತರೂ ಸಾಕು, ಕೆಲವೇ ವರ್ಷಗಳಲ್ಲಿ ಪೈಪು ಕಲ್ಲಾಗಲು.

ಬಿಸಿನೀರಿನ ಹಂಡೆಯಲ್ಲಿ, ಗೀಸರಿನಲ್ಲಿ ಸುಣ್ಣ ಕಟ್ಟುವುದು ಎಲ್ಲರಿಗೂ ಗೊತ್ತು. ಕಾಯಿಸಿದಾಗ ನೀರಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ತಳ ಹಿಡಿಯುತ್ತದೆ. ತಣ್ಣೀರು ಹರಿಯುವ ಮೋರಿಯಲ್ಲಿ ಯಾಕೆ ಕಟ್ಟಬೇಕು ಎಂಬುದೇ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಪೈಪಿನ ಆ ತುಂಡನ್ನು ಮೇಜಿನ ಮೇಲಿಟ್ಟುಕೊಂಡು ಓದಿದಾಗ ಒಂದೊಂದೇ ಬಿಡಿಸಿಕೊಂಡಿತು.

ಮೊದಲನೆಯದು ಗಾಳಿ. ಆಳದ ನೀರು ಒತ್ತಡದಲ್ಲಿ ಹಿಡಿದಿಟ್ಟುಕೊಂಡಿದ್ದ ಅನಿಲ, ಅದು ತೆರೆದ ಬಚ್ಚಲಿಗೆ ಬಿದ್ದು ಚೆಲ್ಲಾಡಿದಾಗ ಕಾಯಿಸದೆಯೇ ಸ್ವಲ್ಪ ಸ್ವಲ್ಪ ಹಾರಿಹೋಗುತ್ತದೆ. ಸ್ನಾನ ಮುಗಿದ ಮೇಲೆ ಪೈಪಿನ ಗೋಡೆಗೆ ತೆಳುವಾಗಿ ಅಂಟಿದ ನೀರು ಆರುತ್ತದೆ, ಒಂದು ಪದರ ಉಳಿಯುತ್ತದೆ. ಮರುದಿನ ಅದರ ಮೇಲೆ ಇನ್ನೊಂದು. ಸೋರುವ ನಲ್ಲಿಯ ಕೆಳಗೆ ಬಿಳಿ ಗುಬುಟು ಏಳುವುದೂ, ಆಂಧ್ರದ ಬೇಲಂ ಗುಹೆಗಳಲ್ಲಿ ಚಾವಣಿಯಿಂದ ಕಲ್ಲು ಇಳಿಬಿದ್ದಿರುವುದೂ ಒಂದೇ ಕೆಲಸ, ಅವಧಿ ಬೇರೆ ಅಷ್ಟೇ.

ಎರಡನೆಯದು ಸೋಪು. ಮೈಸೋಪು ಎಣ್ಣೆಯಿಂದ ಆದದ್ದು. ಅದರ ಕೊಬ್ಬಿನಾಮ್ಲ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಕೂಡಿದ ಕೂಡಲೇ ನೊರೆಯಾಗುವ ಬದಲು ಮೊಸರಿನ ಗಂಟಿನ ಹಾಗೆ ಬೇರ್ಪಡುತ್ತದೆ. ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಜಿಡ್ಡಾಗಿ ಹತ್ತಿಕೊಳ್ಳುವುದು ಅದೇ. ಮೋರಿಯೊಳಗೆ ಆ ಜಿಡ್ಡು ಗಾರೆಯ ಕೆಲಸ ಮಾಡುತ್ತದೆ. ಕೂದಲನ್ನು ಹಿಡಿಯುತ್ತದೆ, ಸುಣ್ಣದ ಕಣವನ್ನು ಹಿಡಿಯುತ್ತದೆ, ಮುಂದಿನ ಪದರಕ್ಕೆ ನೆಲೆ ಕೊಡುತ್ತದೆ. ಅಜ್ಜಿ ಸೀಗೆಕಾಯಿ, ಅಂಟುವಾಳ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅವುಗಳ ನೊರೆಗೆ ಕಾರಣವಾದ ವಸ್ತು ಸೋಪಿನ ಹಾಗೆ ಕ್ಯಾಲ್ಸಿಯಂಗೆ ಸಿಕ್ಕಿ ಗಂಟುಗಟ್ಟುವುದಿಲ್ಲ. ಗಡಸು ನೀರಿನ ಸೀಮೆಯಲ್ಲಿ ಅದು ಎಷ್ಟು ಸರಿಯಾದ ಆಯ್ಕೆಯಾಗಿತ್ತು! ಹಾಗೆಂದು ಸೀಗೆಪುಡಿಯನ್ನು ಸೋಸದೆ ಮೋರಿಗೆ ಬಿಟ್ಟರೆ ಅದರ ಗಸಿಯೇ ಮೋರಿಯ ಬಾಯಲ್ಲಿ ನೀರು ನಿಲ್ಲುವ ಬಟ್ಟಲಿನಲ್ಲಿ, ಅಂದರೆ ಟ್ರ್ಯಾಪಿನಲ್ಲಿ ಕೂರುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಮೂರನೆಯದು ನನಗೆ ಹೊಸದು, ಬಟ್ಟೆಯ ಪುಡಿ. ವಾಷಿಂಗ್ ಪೌಡರಿನಲ್ಲಿ ವಾಷಿಂಗ್ ಸೋಡಾ ಧಾರಾಳವಾಗಿರುತ್ತದೆ. ಅದು ಇರುವುದೇ ನೀರಿನ ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಇಳಿಸಿ ನೀರನ್ನು ಮೆದು ಮಾಡಲು. ಬಟ್ಟೆಗೆ ಒಳ್ಳೆಯದು. ಆದರೆ ಹಾಗೆ ಇಳಿದ ಸುಣ್ಣದ ಹುಡಿ ಹೋಗುವುದು ಮೋರಿಗೇ. ನಮ್ಮಲ್ಲಿ ವಾಷಿಂಗ್ ಮೆಷಿನ್ನಿನ ನೀರು ಬಚ್ಚಲಿಗೇ ಬಂದು ಸೇರುತ್ತಿತ್ತು. ಕಲ್ಲು ಅತಿ ದಪ್ಪವಾಗಿದ್ದದ್ದು ಸರಿಯಾಗಿ ಆ ಜಾಗದಲ್ಲಿ.

ಇನ್ನೊಂದು, ಅಡುಗೆಮನೆಯ ಆರ್‌ಒ ಯಂತ್ರ. ಒಂದು ಲೀಟರ್ ಕುಡಿಯುವ ನೀರು ಕೊಡಲು ಅದು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ಬಿಟ್ಟ ನೀರು ಬೋರಿನ ನೀರಿಗಿಂತ ಗಡಸು. ಒಳ್ಳೆಯ ನೀರಿನಿಂದ ತೆಗೆದ ಖನಿಜವೆಲ್ಲ ಅದರಲ್ಲೇ ಇರಬೇಕಲ್ಲ. ಸಣ್ಣ ನಳಿಕೆಯಿಂದ ಅದು ದಿನವಿಡೀ ಸಿಂಕಿನ ಕಿಂಡಿಗೆ ತೊಟ್ಟಿಕ್ಕುತ್ತಿತ್ತು. ಆ ನಳಿಕೆಯ ತುದಿಯಲ್ಲಿ ಒಂದು ಬಿಳಿ ಉಂಗುರ, ಅದರ ಎದುರಿಗೆ ಸಿಂಕಿನ ಪೈಪಿನಲ್ಲಿ ಇನ್ನೊಂದು. ಈಗ ಆ ನೀರನ್ನು ಬಕೆಟ್ಟಿಗೆ ಹಿಡಿದು ಅಂಗಳ ತೊಳೆಯಲು ಬಳಸುತ್ತೇವೆ.

ಇಷ್ಟು ತಿಳಿಯುವ ಮೊದಲು ನಾನು ಮಾಡಿದ್ದೆಲ್ಲ ತಪ್ಪು. ಅದನ್ನು ಬರೆಯುವುದೇ ಈ ಬರಹದ ಮುಖ್ಯ ಉದ್ದೇಶ, ಏಕೆಂದರೆ ಇದೇ ತಪ್ಪನ್ನು ಮನೆಮನೆಯಲ್ಲಿ ಮಾಡುತ್ತಿದ್ದೇವೆ.

ನೀರು ನಿಲ್ಲತೊಡಗಿದಾಗ ಬೆಂಗಳೂರಿನಿಂದ ಬಂದವಳು ಮೊದಲು ಕುದಿಯುವ ನೀರು ಸುರಿದೆ. ಸುಣ್ಣಕ್ಕೆ ಬಿಸಿನೀರಿನಿಂದ ಏನೂ ಆಗುವುದಿಲ್ಲ. ಸಕ್ಕರೆ, ಉಪ್ಪಿನ ಹಾಗಲ್ಲ ಅದು, ಬಿಸಿಯಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಮೇಲಾಗಿ ಪಿವಿಸಿ ಪೈಪು ಕುದಿಯುವ ನೀರಿಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ, ಜೋಡಣೆ ಬಿಡುತ್ತದೆ. ಆಮೇಲೆ ಅಂಗಡಿಯಿಂದ ಮೋರಿ ಬಿಡಿಸುವ ಪುಡಿ ತಂದೆ. ಅದು ಕಾಸ್ಟಿಕ್ ಸೋಡಾ. ಕೂದಲನ್ನು ಕರಗಿಸುತ್ತದೆ, ಎಣ್ಣೆಜಿಡ್ಡನ್ನು ಕರಗಿಸುತ್ತದೆ. ಸುಣ್ಣವನ್ನು ಮಾತ್ರ ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ನೀರಿನಲ್ಲಿ ಇನ್ನೂ ಕರಗಿಕೊಂಡಿದ್ದ ಸುಣ್ಣವನ್ನೂ ಅದು ಕೆಳಗೆ ಇಳಿಸುತ್ತದೆ. ಎರಡು ದಿನ ನೀರು ಸರಾಗವಾಗಿ ಹೋಯಿತು, ನಡುವೆ ಸಿಕ್ಕಿದ್ದ ಕೂದಲು ಬಿಟ್ಟಿದ್ದರಿಂದ. ಮೂರನೆಯ ದಿನ ಮತ್ತೆ ನಿಂತಿತು. ಅಡುಗೆ ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿಯಿರಿ ಎಂದು ಮೊಬೈಲಿನಲ್ಲಿ ನೋಡಿ ಅದನ್ನೂ ಮಾಡಿದೆ. ಬುಸುಬುಸು ನೊರೆ ಬರುತ್ತದೆ, ಕಣ್ಣಿಗೆ ಸಮಾಧಾನವಾಗುತ್ತದೆ. ಆದರೆ ಹುಳಿ ಮತ್ತು ಸೋಡಾ ಒಂದನ್ನೊಂದು ತಿಂದುಹಾಕಿ ಉಳಿಯುವುದು ಹೆಚ್ಚುಕಡಿಮೆ ಸಪ್ಪೆ ನೀರು. ಕಲ್ಲಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಕೊನೆಗೆ ಆಸಿಡ್. ಬಾಟಲಿಯನ್ನು ಅಂಗಡಿಯವರು ಏನೂ ಕೇಳದೆ ಕೊಟ್ಟರು. ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿವರ ಬರೆದುಕೊಂಡು ಮಾರಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶ ಕೊಟ್ಟಿದೆ. ಆ ಆದೇಶದ ಹಿಂದೆ ಸುಟ್ಟ ಮುಖಗಳ ಕತೆ ಇದೆ. ನಾನೂ ಯೋಚಿಸದೆ ತಂದೆ. ಜಾಲರಿ ತೆಗೆದು ಅರ್ಧ ಬಾಟಲಿ ಸುರಿದೆ. ಅಮ್ಮ ಹಿಂದಿನ ರಾತ್ರಿ ವಾಸನೆಗೆಂದು ಅದೇ ಮೋರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು. ನನಗೆ ಗೊತ್ತಿರಲಿಲ್ಲ.

ಹಸಿರುಮಿಶ್ರಿತ ಹಳದಿ ಹೊಗೆ ಅಷ್ಟೇನೂ ಕಾಣಲಿಲ್ಲ. ವಾಸನೆ ಮಾತ್ರ ಮೂಗಿಗೆ ಚುಚ್ಚಿದ ಹಾಗೆ ಬಂತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಕೆಮ್ಮಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಬಂದು ತೆಂಗಿನ ಮರದ ಬುಡದಲ್ಲಿ ಕೂರಿಸಿದೆ. ಉಸಿರು ಹದಕ್ಕೆ ಬರಲು ಸುಮಾರು ಹೊತ್ತು ಬೇಕಾಯಿತು. ಅವತ್ತು ನನ್ನ ಕೈಕಾಲು ನಡುಗಿದ್ದು ಈಗಲೂ ನೆನಪಿದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಬರುವುದು ಕ್ಲೋರಿನ್ ಅನಿಲ. ಗಾಳಿಯಾಡದ ಸಣ್ಣ ಬಚ್ಚಲಿನಲ್ಲಿ ಅದು ಜೀವಕ್ಕೇ ಎರವಾಗಬಹುದು. ದಯವಿಟ್ಟು ಈ ಒಂದನ್ನು ಮಾತ್ರ ಮರೆಯಬೇಡಿ, ಮನೆಗೆಲಸಕ್ಕೆ ಬರುವವರಿಗೂ ತಪ್ಪದೆ ಹೇಳಿ. ಆ ಬಾಟಲಿಯನ್ನು ಬರಿಗೈಯಲ್ಲಿ ಹಿಡಿದು, ಬಾಗಿ, ಅದರ ಹೊಗೆ ಕುಡಿಯುವವರು ಬಹಳ ಮನೆಗಳಲ್ಲಿ ಅವರೇ.

ಮೋರಿಯ ಸುತ್ತ ಹಾಸಿದ್ದದ್ದು ಕಡಪ ಕಲ್ಲು. ಆಸಿಡ್ ಚೆಲ್ಲಿದ ಕಡೆಯೆಲ್ಲ ಅದರ ಕಪ್ಪು ಹೋಗಿ ಬೂದಿಯಾಗಿ, ಮುಟ್ಟಿದರೆ ಮರಳುಕಾಗದದಷ್ಟು ಒರಟಾಯಿತು. ಕಡಪ ಕಲ್ಲೂ ಸುಣ್ಣಕಲ್ಲೇ. ಉತ್ತರ ಕರ್ನಾಟಕದ ಮನೆಗಳ ಶಹಾಬಾದ್ ಕಲ್ಲೂ ಅಷ್ಟೇ. ಮೋರಿಯೊಳಗಿನ ಸುಣ್ಣ ಯಾವುದು, ನೆಲದ ಸುಣ್ಣ ಯಾವುದು ಎಂದು ಆಸಿಡ್‌ಗೆ ಗೊತ್ತಿಲ್ಲ. ಹಾಸುಗಲ್ಲುಗಳ ನಡುವಿನ ಸಿಮೆಂಟ್ ಗಾರೆಯನ್ನೂ ಅದು ತಿನ್ನುತ್ತದೆ.

ಪ್ಲಂಬರ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ಆ ಪೈಪನ್ನು ಕತ್ತರಿಸದೆ ಬೇರೆ ದಾರಿ ಇರಲಿಲ್ಲ ಎಂದು ಈಗ ಗೊತ್ತು. ಅಡ್ಡಲಾಗಿ ಮಲಗಿರುವ ಪೈಪಿನಲ್ಲಿ ಏನು ಸುರಿದರೂ ಅದು ತಳದಲ್ಲಿ ಮಾತ್ರ ಹರಿಯುತ್ತದೆ, ಮೇಲುಗಡೆಯ ಕಲ್ಲಿಗೆ ತಾಗುವುದೇ ಇಲ್ಲ. ಅವರು ಹೊಸ ಪೈಪಿಗೆ ಸ್ವಲ್ಪ ಹೆಚ್ಚು ಇಳಿಜಾರು ಕೊಟ್ಟರು. ತಿರುವಿನಲ್ಲಿ ಡೋರ್ ಬೆಂಡ್ ಹಾಕಿದರು, ಮುಚ್ಚಳ ತೆಗೆದು ಕೈ ಹಾಕಿ ತೊಳೆಯಲು ಬರುವಂಥದ್ದು. ಮನೆ ಕಟ್ಟಿಸುವಾಗಲೇ ಇದನ್ನು ಕೇಳಿ ಹಾಕಿಸಿಕೊಳ್ಳಿ. ನಲ್ಲಿಯ ಹೊಳಪಿಗೆ ಖರ್ಚು ಮಾಡುವ ದುಡ್ಡಿನಲ್ಲಿ ನೂರರಲ್ಲಿ ಒಂದು ಪಾಲೂ ಇದಕ್ಕೆ ಬೇಡ.

ಈಗ ನಾವು ಮಾಡುವುದು ಒಂದೇ ಕೆಲಸ, ನೆನೆಸುವುದು. ಉಜ್ಜುವುದನ್ನು ಅಮ್ಮ ಬಿಟ್ಟಿದ್ದಾರೆ, ನಾನೇ ಬಿಡಿಸಿದೆ. ಕಲ್ಲನ್ನು ತೋಳಿನ ಬಲದಿಂದ ತೆಗೆಯಲು ಆಗುವುದಿಲ್ಲ. ಹುಳಿಗೆ ಸಮಯ ಕೊಟ್ಟರೆ ಅದೇ ತೆಗೆಯುತ್ತದೆ.

ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದೆ, ಅಂದರೆ ಸಿಟ್ರಿಕ್ ಆಮ್ಲ, ಸಕ್ಕರೆಯಂಥ ಬಿಳಿ ಹರಳು. ಹದಿನೈದು ದಿನಕ್ಕೊಮ್ಮೆ, ಶನಿವಾರ ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ, ನಹನಿ ಟ್ರ್ಯಾಪಿನ ಜಾಲರಿ ತೆಗೆದು ಬಕೆಟ್ಟಿನಲ್ಲಿ ಹಾಕುತ್ತೇವೆ. ಟ್ರ್ಯಾಪಿನಲ್ಲಿ ನಿಂತ ನೀರನ್ನು ಹಳೆಯ ಲೋಟದಿಂದ ಮೊಗೆದು ತೆಗೆಯುತ್ತೇವೆ, ಇಲ್ಲದಿದ್ದರೆ ಹುಳಿ ನೀರಾಗಿ ಕೆಲಸ ಮಾಡುವುದಿಲ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಕರಗಿಸಿ, ಕಡಪ ಕಲ್ಲಿಗೆ ತಾಗದಂತೆ ಆಲಿಕೆ ಇಟ್ಟು ನಿಧಾನವಾಗಿ ಹೊಯ್ಯುತ್ತೇವೆ. ಕಿವಿ ಹತ್ತಿರ ತಂದರೆ ಸಣ್ಣಗೆ ಚಿರಿಚಿರಿ ಸದ್ದು ಕೇಳುತ್ತದೆ. ಅಮ್ಮನಿಗೆ ಆ ಸದ್ದು ಕೇಳುವುದೆಂದರೆ ಬಹಳ ಇಷ್ಟ. ಬೆಳಿಗ್ಗೆ ಒಂದು ಬಕೆಟ್ ನೀರನ್ನು ಒಂದೇ ಸಲ ರಭಸದಿಂದ ಸುರಿದರೆ ಬೂದುಬಣ್ಣದ ಹಕ್ಕಳೆಗಳು ಎದ್ದು ಹೋಗುತ್ತವೆ. ನಲ್ಲಿಗಳಿಗೆ ಅದೇ ನೀರಿನಲ್ಲಿ ಅದ್ದಿದ ಹಳೆಯ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟು ತೊಳೆದರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಮೇಲಿನ ಲೇಪ ಮಂಕಾಗುತ್ತದೆ.

ನೂರು ಗ್ರಾಂ ನಿಂಬೆ ಉಪ್ಪು ಹೆಚ್ಚೆಂದರೆ ಎಪ್ಪತ್ತು ಎಂಬತ್ತು ಗ್ರಾಂ ಸುಣ್ಣವನ್ನು ತೆಗೆಯಬಲ್ಲದು. ಇದು ರಸಾಯನಶಾಸ್ತ್ರದ ಲೆಕ್ಕ, ಅದಕ್ಕಿಂತ ಹೆಚ್ಚು ಯಾರಿಂದಲೂ ಆಗದು. ಆದ್ದರಿಂದ ಪೈಪು ಪೂರ್ತಿ ಕಟ್ಟಿಕೊಂಡ ಮೇಲೆ ಈ ಉಪಾಯ ನಡೆಯುವುದಿಲ್ಲ. ತೆಳು ಪದರವಿರುವಾಗಲೇ ಮಾಡುತ್ತಾ ಹೋಗಬೇಕು. ಕೂದಲು ತುಂಬಿ ಕಾಸ್ಟಿಕ್ ಸೋಡಾ ಬಳಸಲೇಬೇಕಾಗಿ ಬಂದರೆ, ಚೆನ್ನಾಗಿ ನೀರು ಬಿಟ್ಟು, ಹುಳಿಯ ಕೆಲಸವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಹಾಕಬಾರದು. ಹುಣಸೆಹಣ್ಣಿನ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ತಾಮ್ರ, ಹಿತ್ತಾಳೆಯ ಕಿಲುಬಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ದಪ್ಪ ಸುಣ್ಣಕ್ಕೆ ಮಾತ್ರ ಅದರಿಂದ ಆಗುವುದಿಲ್ಲ, ಅದರ ಹುಳಿ ಸುಣ್ಣದೊಡನೆ ಸೇರಿ ಆಗುವ ವಸ್ತು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ.

ನೀರನ್ನು ಮೆದು ಮಾಡುವ ಸಾಫ್ಟನರ್ ಯಂತ್ರ ಹಾಕಿಸಿಬಿಡಬಾರದೇ ಎಂದು ಬೆಂಗಳೂರಿನ ಗೆಳತಿಯರು ಕೇಳುತ್ತಾರೆ. ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಅದಿದೆ. ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ, ಆಗಾಗ ಮೂಟೆಗಟ್ಟಲೆ ಉಪ್ಪು ಹಾಕಿ ಅದನ್ನು ತೊಳೆಯಬೇಕು. ತೊಳೆದ ಉಪ್ಪುನೀರು ಎಲ್ಲಿಗೋ ಹೋಗಲೇಬೇಕು. ಊರಿನ ಪ್ರತಿ ಮನೆಯೂ ಹಾಗೆ ಬಿಟ್ಟರೆ, ಮೊದಲೇ ಒಣಗಿದ ನಮ್ಮ ಸೀಮೆಯ ಕೆರೆ, ಮಣ್ಣು ಏನಾಗಬೇಕು ಎಂದು ಯೋಚಿಸಿದರೆ ನನಗೆ ಮನಸ್ಸು ಬರುವುದಿಲ್ಲ. ಒಂದು ಮಾತು: ನೀರಿನಲ್ಲಿ ಒಟ್ಟು ಎಷ್ಟು ಖನಿಜ ಕರಗಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಹಿಡಿದು ಸಾಫ್ಟನರ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಆಗುವುದಿಲ್ಲ. ಸೋಡಿಯಂ ಕೂಡ ಕರಗಿದ ಖನಿಜವೇ, ಮೀಟರಿನ ಅಂಕಿ ಇಳಿಯುವುದಿಲ್ಲ. ಅದಕ್ಕೆ ಗಡಸುತನ ಅಳೆಯುವ ಹನಿ ಪರೀಕ್ಷೆಯೇ ಬೇಕು.

ಮಳೆನೀರು ಮಾತ್ರ ಕೇಳದೆಯೇ ಮೆದುವಾಗಿ ಬರುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ದೊಡ್ಡ ನಿವೇಶನಗಳಿಗೆ ಕಡ್ಡಾಯ ಮಾಡಿದರು. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ, ಅದರ ಬಗ್ಗೆ ವಾದಗಳೂ ನಡೆದಿವೆ. ನಮ್ಮ ಚಾವಣಿಯ ಮೇಲೆ ಬೀಳುವ ನೀರಿಗೆ ಯಾರ ವಾದವೂ ಇಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್. ನಮ್ಮದು 80 ಚದರ ಮೀಟರ್ ಚಾವಣಿ, ಇಪ್ಪತ್ತು ಮಿಲಿಮೀಟರಿನ ಒಂದು ಹದ ಮಳೆಗೆ 1,600 ಲೀಟರ್. ಮೊದಲ ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಎರಡು ಡ್ರಮ್ಮುಗಳಿಗೆ ಹಿಡಿಯುವ ಏರ್ಪಾಟನ್ನು ಅದೇ ಪ್ಲಂಬರ್ ಕೈಯಲ್ಲಿ ಮಾಡಿಸಿದೆವು.

ಪೈಪಿನ ತುಂಡನ್ನು ಎಸೆಯಲು ಅಮ್ಮ ಬಿಡಲಿಲ್ಲ. ತೊಳೆದು, ಒಣಗಿಸಿ, ಬಚ್ಚಲ ಕಿಟಕಿಯ ಮೇಲೆ ಇಟ್ಟರು. ಈ ಸಲದ ದೀಪಾವಳಿಗೆ ಅತ್ತೆ ಬಂದರು. ನೀರು ತುಂಬುವ ಹಬ್ಬದ ಸಂಜೆ, ಹಂಡೆಯನ್ನು ತೊಳೆದು ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದ ಅಮ್ಮನ ಪಕ್ಕ ಕೂತಿದ್ದವರು ಕಿಟಕಿ ನೋಡಿ, "ಇದೇನು ಅತ್ತಿಗೆ?" ಎಂದು ಅದನ್ನು ಕೈಗೆತ್ತಿಕೊಂಡರು. ಕಂಡಿಯೊಳಗೆ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

"ನಿಮ್ಮಣ್ಣ ತೋಡಿಸಿದ ಬೋರಿನ ಕಲ್ಲು. ಮೋರಿಯಲ್ಲಿ ಬೆಳೆದದ್ದು" ಎಂದರು ಅಮ್ಮ, ಪಟ್ಟೆಯಿಂದ ಕಣ್ಣು ತೆಗೆಯದೆ.

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ನೆಲಕ್ಕೆ ಮೆಲ್ಲಗೆ ಕುಟ್ಟಿ ನೋಡಿದರು. ಆಮೇಲೆ ಅಮ್ಮನ ಕೈಯಿಂದ ಕೆಮ್ಮಣ್ಣಿನ ಬಟ್ಟಲು ತೆಗೆದುಕೊಂಡು, "ಇಷ್ಟು ವರ್ಷ ಇದನ್ನು ಉಜ್ಜುತ್ತಿದ್ದಿರಾ? ಸರಿಯಿರಿ, ಉಳಿದದ್ದು ನಾನು ಬಳಿಯುತ್ತೇನೆ" ಎಂದರು.

ಆ ವಾರ ಮಳೆ ಚೆನ್ನಾಗಿ ಬಂದಿತ್ತು, ಎರಡೂ ಡ್ರಮ್ಮು ತುಂಬಿದ್ದವು. ರಾತ್ರಿ ಹಂಡೆಗೆ ತುಂಬಿದ್ದು ಅದೇ ನೀರು.